ಕೈಮಗ್ಗದ ಕೈಗೆ ಕರೆಂಟು

ಅಧ್ಯಕ್ಷಸ್ಥಾನದಲ್ಲಿರುವ ನಮ್ಮ ನೇಕಾರರ ಸಂಘದ ಹುಚ್ಚೇಶಣ್ಣನವರೇ, ಇಳಕಲ್ಲಿನ ಸನ್ಮಾನ ಸ್ವೀಕರಿಸಲು ಬಾಗಲಕೋಟೆಯಿಂದ ಬಂದಿರುವ ಡಾಕ್ಟರ್ ವಿದ್ಯಾ ಅವರೇ, ಮುಂದಿನ ಸಾಲಿನಲ್ಲಿ ನನ್ನ ಮಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ನಮ್ಮ ಅತ್ತೆ ರತ್ನವ್ವನವರೇ, ಹಾಗೂ ಸಭಿಕರೇ,

ನಾನು ಬಿ.ಎ. ಓದಿದವಳು, ಆದರೆ ಕೂಸು ಹುಟ್ಟಿದ ಮೇಲೆ ನಿದ್ದೆ ಕಂಡವಳಲ್ಲ. ಮಾತಿನಲ್ಲಿ ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಸುರಿಯಿದ್ದಾಗಲೇ ಬಲಗೈಗೆ ಜೋಮು ಹಿಡಿಯಿತು. ಹೆರಿಗೆಯಾದರೂ ಬಿಡಲಿಲ್ಲ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸುವ ಬೆರಳುಗಳಿವು. ಎಳೆ ಹೋಗಲಿ ಬಿಡಿ. ಕೂಸಿನ ಹಣೆ ಮುಟ್ಟಿದರೆ ಜ್ವರವಿದೆಯೋ ಇಲ್ಲವೋ ತಿಳಿಯದು! ತಾಯಿಗೆ ಇದಕ್ಕಿಂತ ಹೆದರಿಕೆ ಬೇಕೆ? ಎಡಗೈ ಇರಲಿಲ್ಲವೇ ಎನ್ನುತ್ತೀರಿ. ಇತ್ತು, ಅದರ ಮಾತನ್ನು ನಾನು ನಂಬಲಿಲ್ಲ. ಅತ್ತೆಯನ್ನು ಎಬ್ಬಿಸುತ್ತಿದ್ದೆ. ಅವರು ಮುಟ್ಟಿ ನೋಡಿ ಅನ್ನುತ್ತಿದ್ದರು: "ಕೂಸು ಬೆಚ್ಚಗ ಐತಿ, ನೀ ತಣ್ಣಗ ಮಲಗವಾ!"

ಡಾಕ್ಟರು ಮಣಿಕಟ್ಟು ನೋಡಿ, ನರ ಒತ್ತಿಕೊಂಡಿದೆ ಎಂದರು. "ಕೊಯ್ದು ಬಿಡಸ್ತೇನಿ. ಅಲ್ಲೇ ನರಕ್ಕ ಒಂದು ತಾಸು ಸಣ್ಣಗ ಕರೆಂಟ್ ಕೊಡೂಣ, ಲಗೂನ ಚಿಗುರಾಕ ಹುರುಪು ಬರಬಹುದು. ಹೊಸಾದೈತಿ, ಖಾತ್ರಿ ಹೇಳೂದಿಲ್ಲ."

ಕರೆಂಟ್ ಎಂದದ್ದೇ ತಡ, ನಮ್ಮ ಅಧ್ಯಕ್ಷರು ಮನೆಗೇ ಬಂದರು. "ತಂಗೀ, ಕರೆಂಟ್ ಹಾಯಿಸಿದ ಕೈಲೆ ನೇದ ಸೀರಿಗೆ ಕೈಮಗ್ಗದ ಸಿಕ್ಕಾ ಹ್ಯಾಂಗ ಒತ್ತೂದು? ಅದು ಪವರ್‌ಲೂಮ್ ಆಗೂದಿಲ್ಲೇನು?" ಅಣ್ಣಾ, ನಗಬೇಡಿ, ನೀವೇ ಅಂದದ್ದು! ಅತ್ತೆ ಬಿಟ್ಟಾರೆಯೇ? "ಹುಚ್ಚೇಶಾ, ನಿನ್ನ ಹಲ್ಲಿಗೆ ಕರೆಂಟಿನ ಬೈರಿಗಿ ಹಚ್ಚಿದ್ರಲ್ಲೋ, ಈಗ ನೀ ಉಣ್ಣೂದು ಗಿರಣಿ ಲೆಕ್ಕಕ್ಕೇನು?"

ಕೊಯ್ದರು, ಕರೆಂಟ್ ಕೊಟ್ಟರು. ಹೆಬ್ಬೆರಳು ನನ್ನನ್ನು ಕೇಳದೆ ತಾಳ ಹಾಕಿತು. ಆಮೇಲೆ? ತಿಂಗಳು ಕಳೆದರೂ ಬೆರಳು ಮೂಕ. ದಿನವೂ ಹಣೆ ಮುಟ್ಟುವೆ, ದಿನವೂ ಅಳುವೆ. "ನರ ಸಾವಕಾಶ ಬೆಳೀತೈತವಾ" ಎಂದರು ಡಾಕ್ಟರು.

ಒಂದು ಮಧ್ಯಾಹ್ನ, ಆಗಷ್ಟೇ ಹಲ್ಲು ಮೂಡಿದ್ದ ಮಗಳು ಗೋಡೆಯಿಂದ ಉದುರಿದ ಸುಣ್ಣದ ಹಳಕು ಬಾಯಿಗೆ ಹಾಕಿಕೊಂಡಳು. ತೆಗೆಯಲು ಬಲಗೈ ಬೆರಳಿಟ್ಟೆ, ಕಚಕ್ಕನೆ ಕಚ್ಚಿದಳು. "ಯವ್ವಾ, ಸತ್ತೆ!" ಎಂದು ಕೂಗಿದವಳು ಹಾಗೆಯೇ ಕುಣಿದೆ: ಬೆರಳಿಗೆ ನೋವು ತಿಳಿಯಿತಲ್ಲ! ಅರಿಷಿಣ ತರಲು ಓಡಿದ ಅತ್ತೆ ಸಕ್ಕರೆ ಡಬ್ಬಿಯೊಂದಿಗೆ ಬಂದು ಓಣಿಗೆಲ್ಲ ಹಂಚಿದರು.

ಇದು ಕೊಯ್ದದ್ದರಿಂದಲೋ, ಕರೆಂಟಿನಿಂದಲೋ? ಡಾಕ್ಟರು ಈಗಲೂ ಖಾತ್ರಿ ಹೇಳುವುದಿಲ್ಲ. ಅತ್ತೆಗೆ ಮಾತ್ರ ಅನುಮಾನವೇ ಇಲ್ಲ: ಎಲ್ಲವೂ ಮೊಮ್ಮಗಳ ಹಲ್ಲಿನ ಗುಣ, ಶಾಲು ಅವಳಿಗೇ ಸಲ್ಲಬೇಕು! ಅಧ್ಯಕ್ಷರೇ, ಡಾಕ್ಟರಿಗೆ ಬೇಗ ಹೊದಿಸಿಬಿಡಿ. ಅತ್ತೆ ಕೂಸನ್ನೆತ್ತಿಕೊಂಡು ವೇದಿಕೆಗೆ ಬರುತ್ತಿದ್ದಾರೆ. ಕೇಳಿದ ನಿಮಗೆಲ್ಲ ಈ ಎರಡೂ ಕೈಗಳ ಧನ್ಯವಾದ, ನಮಸ್ಕಾರ.