ಬಾವಿಗೆ ಬಿದ್ದ ವಾಕಿಟಾಕಿ

ನಾವು ವೈಗಲ್ ಮನೆತನದವರು. ಕನ್ಸಾಸಿನ ಈ ಬಯಲಿನಲ್ಲಿ ನಮ್ಮೂರ ಚರ್ಚು ಕಟ್ಟುವಾಗ ನನ್ನ ಮುತ್ತಜ್ಜ ಎಂಟು ಮೈಲಿ ದೂರದ ಗಣಿಯಿಂದ ಎರಡು ಚಳಿಗಾಲ ಕಲ್ಲು ಹೇರಿದರು. ಬಲಗಡೆಯ ನಾಲ್ಕನೆಯ ಬೆಂಚು ಅಂದಿನಿಂದ ನಮ್ಮದು. ನಮ್ಮ ಮನೆಯಿಂದ ಮೂವರು ಕನ್ಯಾಸ್ತ್ರೀಯರಾಗಿದ್ದಾರೆ. ಹೆಣ್ಣುಮಕ್ಕಳೆಲ್ಲ ಕಾನ್ವೆಂಟಿನಲ್ಲೇ ಓದಿದವರು. ಸುಳ್ಳು ಹೇಳಿದರೆ ಅರ್ಧ ದಿನ ಮೊಣಕಾಲೂರಿಸುತ್ತಿದ್ದ ಶಾಲೆ ಅದು. ಇದನ್ನು ಮೊದಲೇ ಹೇಳುತ್ತಿದ್ದೇನೆ. ನಗುವವರು ಯಾರ ಮುಂದೆ ನಗುತ್ತಿದ್ದೇವೆ ಎಂಬುದನ್ನು ತಿಳಿದುಕೊಂಡು ನಗಲಿ.

ಇದು ನನ್ನ ಚಿಕ್ಕಪ್ಪನ ಮಗಳು ಲಿಯೋನಾ ಮತ್ತು ಅವಳ ಗಂಡ ಆಲ್ವಿನ್ ಕಂಡದ್ದು. ಹೋದ ಸೆಪ್ಟೆಂಬರಿನಲ್ಲಿ. ಆಲ್ವಿನ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ಒಂದು ಮಗುವಿನ ಮೊಣಕೈ ಕೂಡ ತರಚಿಲ್ಲ. ನಿವೃತ್ತಿಯಾದ ಮೇಲೆ ಇಬ್ಬರೂ ಮನೆ ಮಾರಿ ಒಂದು ಆರ್‌ವಿ ಕೊಂಡರು. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ, ಬಸ್ಸಿನಷ್ಟು ಉದ್ದದ ಹಳೆಯ ಗಾಡಿ. ಆರು ವರ್ಷದಿಂದ ಅವರಿಗೆ ಅದೇ ಮನೆ. ಬೇರೆ ಮನೆಯಿಲ್ಲ.

ಅಂಥ ಗಾಡಿಯನ್ನು ತಂಗುವ ಜಾಗಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಬೇಕು. ಓಡಿಸುವವನಿಗೆ ಹಿಂದಿನದು ಏನೂ ಕಾಣದು. ಅದಕ್ಕೇ ಲಿಯೋನಾ ಇಳಿದು ಹಿಂದೆ ನಿಲ್ಲುತ್ತಿದ್ದಳು. ಇಬ್ಬರ ಕೈಯಲ್ಲೂ ಒಂದೊಂದು ವಾಕಿಟಾಕಿ. ಅವರೊಳಗೆ ಎರಡೇ ಮಾತು. ‘ಬಾ.’ ‘ನಿಲ್ಲು.’ ಆರು ವರ್ಷದಲ್ಲಿ ಲಿಯೋನಾ ಮೂರನೆಯ ಮಾತು ಆಡಿದವಳಲ್ಲ. ಗಾಡಿ ಹಿಂದಕ್ಕೆ ತೆಗೆಯುವಾಗ ಗಂಡಹೆಂಡಿರ ಜಗಳ ಹುಟ್ಟುವುದೇ ಆ ಮೂರನೆಯ ಮಾತಿನಿಂದ ಎನ್ನುತ್ತಿದ್ದಳು. ಇನ್ನೊಂದು ಕಟ್ಟಳೆಯೂ ಇತ್ತು: ಕತ್ತಲಾದ ಮೇಲೆ ಹಿಂದಕ್ಕೆ ತೆಗೆಯಕೂಡದು.

ಆ ಸಲ ಒಹಾಯೋದಿಂದ ಲಿಯೋನಾಳ ತಂಗಿ ರೋಸೆಲ್ಲಾ ಮತ್ತು ಅವಳ ಗಂಡ ವರ್ನನ್ ಬಂದಿದ್ದರು. ಅವರಿಗೆ ಸೌತ್ ಡಕೋಟಾ ತೋರಿಸಲೆಂದು ನಾಲ್ವರೂ ಹೊರಟಿದ್ದರು. ಬೋಳುಗುಡ್ಡಗಳನ್ನು ನೋಡಿದ್ದಾಯಿತು, ಕಾಡೆಮ್ಮೆಗಳನ್ನು ನೋಡಿದ್ದಾಯಿತು. ವರ್ನನ್‌ಗೆ ಯಾವುದೂ ಸಾಲದು. ಆಲ್ವಿನ್ ಗಡಿಯಾರ ನೋಡಿದಾಗಲೆಲ್ಲ ಅವನದು ಒಂದೇ ಮಾತು. “ಇದೊಂದು ನೋಡ್ಕೊಂಡು ಹೋಗೋಣ ಕ್ಯಾಪ್ಟನ್. ನಿನ್ನ ಮನೆಗೆ ಚಕ್ರ ಇದೆಯಲ್ಲ, ಲೇಟಾದ್ರೆ ಬಾಗಿಲು ಯಾರು ಹಾಕ್ತಾರೆ?”

ಹಾಗೆ ಕೊನೆಯದಾಗಿ ನೋಡಿದ್ದು ಅಣೆಕಟ್ಟಿನ ಹಿನ್ನೀರಿನ ದಡದ ಒಂದು ಹಾಳು ಹೊಲಮನೆ. ನೀರು ಏರಿದ ಕಾಲಕ್ಕೆ ಜನ ಬಿಟ್ಟುಹೋದದ್ದು. ಗೋಡೆ ಬಿದ್ದಿತ್ತು. ಬಾವಿ ಉಳಿದಿತ್ತು. ಗಂಡಸರು ಗಾಡಿಯ ಬಳಿಯೇ ನಿಂತರು. ಅಕ್ಕತಂಗಿಯರು ಮಾತ್ರ ಹೋದರು. ಅಲ್ಲಿ ಫೋನು ಹಿಡಿಯುತ್ತಿರಲಿಲ್ಲವೆಂದು ಲಿಯೋನಾ ತನ್ನ ವಾಕಿಟಾಕಿಯನ್ನು ತಂಗಿಯ ಕೈಗೆ ಕೊಟ್ಟು ಕಾಡುಪ್ಲಮ್ ಹಣ್ಣು ಕೀಳಲು ಪೊದೆಯ ಕಡೆ ಹೋದಳು. ತಿರುಗಿ ಬಂದಾಗ ರೋಸೆಲ್ಲಾ ಬಾವಿಯ ಕಟ್ಟೆಯ ಮೇಲೆ ಬಗ್ಗಿದ್ದಳು. ಏನೋ ಕೇಳಿಸಿಕೊಳ್ಳುವವಳ ಹಾಗೆ.

ಹೊತ್ತು ಮುಳುಗಿತ್ತು. ಇಬ್ಬರೂ ಎದೆಯೆತ್ತರದ ಹುಲ್ಲಿನ ನಡುವೆ ವಾಪಸು ನಡೆದರು. ಸರ್… ಸರ್… ಎಂದು ಹುಲ್ಲು ಸರಿಯುವ ಸದ್ದು.

“ಲೋನಿ,” ರೋಸೆಲ್ಲಾ ಪಿಸುಗುಟ್ಟಿದಳು, “ಹಿಂದೆ ಯಾರಾದ್ರೂ ಬರ್ತಿದಾರಾ?”

“ಯಾರಿಲ್ಲ. ಗಾಳಿ.”

ನಾಲ್ಕು ಹೆಜ್ಜೆ ಹಾಕಿ ಇಬ್ಬರೂ ನಿಂತರು. ಮುಂದಿನ ಹುಲ್ಲು ಅಲುಗುತ್ತಿರಲಿಲ್ಲ. ಗಾಳಿಯೇ ಇರಲಿಲ್ಲ… ಆದರೂ ಬೆನ್ನ ಹಿಂದೆ ಸದ್ದು ಇನ್ನೆರಡು ಸಲ ಬಂದು ನಿಂತಿತು.

ತಂಗುವ ಜಾಗ ಅಲ್ಲಿಂದ ಎರಡು ಮೈಲಿ. ಮುಟ್ಟುವಾಗ ಕಗ್ಗತ್ತಲು. ಅವರಿಗೆ ಸಿಕ್ಕ ಜಾಗದ ಹಿಂದೆಯೇ ದಡ; ದಡದ ಕೆಳಗೆ ಹನ್ನೆರಡು ಅಡಿಯಲ್ಲಿ ನೀರು. ಈ ರಾತ್ರಿ ರಸ್ತೆಯ ಬದಿಯಲ್ಲೇ ನಿಲ್ಲಿಸೋಣ, ಬೆಳಿಗ್ಗೆ ನೋಡೋಣ ಎಂದ ಆಲ್ವಿನ್. ವರ್ನನ್ ನಕ್ಕ. “ಅಷ್ಟು ವರ್ಷ ಮಕ್ಕಳ ಬಸ್ಸು ಹೊಡೆದೋನು ನೀನೇನಾ? ಇಲ್ಲಾ ಮಕ್ಕಳೇ ಹೊಡೀತಿದ್ರಾ?”

ಆಲ್ವಿನ್ ಗೇರ್ ಹಾಕಿದ. ಅವನ ತಪ್ಪು ಅಷ್ಟೇ. ಅದನ್ನು ನಾನು ಮುಚ್ಚಿಡುವುದಿಲ್ಲ.

ಲಿಯೋನಾ ಟಾರ್ಚು ಹಿಡಿದು ಇಳಿದಳು. ಬಾಗಿಲ ಪಕ್ಕದ ಚೀಲದಲ್ಲಿ ವಾಕಿಟಾಕಿಗೆ ಕೈ ಹಾಕಿದರೆ, ಚೀಲ ಖಾಲಿ. ತಾನು ಕರೆಯುವ ತನಕ ಆಲ್ವಿನ್ ಕದಲುವುದಿಲ್ಲ ಎಂಬುದು ಅವಳಿಗೆ ಗೊತ್ತು. ಮೊದಲು ದಡ ಎಲ್ಲಿದೆ ನೋಡಿ ಬಂದು ತಂಗಿಯನ್ನು ಕೇಳೋಣ ಎಂದುಕೊಂಡು ಹಿಂದಕ್ಕೆ ಹೋದಳು.

ಒಳಗೆ ಆಲ್ವಿನ್ನನ ವಾಕಿಟಾಕಿ ಚರ್ರ್ ಎಂದಿತು.

“ಬಾ.”

ಲಿಯೋನಾಳ ದನಿಯೇ. ಆಲ್ವಿನ್ ಬ್ರೇಕು ಬಿಟ್ಟ. ಗಾಡಿ ಹಿಂದಕ್ಕೆ ಸರಿಯುವಾಗ ಮೊಳಗುವ ಪೀಂ… ಪೀಂ… ಶುರುವಾಯಿತು. ಚಕ್ರದಡಿ ಜಲ್ಲಿ ಕರಕರ ಎಂದಿತು.

“ಬಾ… ಬಾ…”

ಹೊರಗೆ ಲಿಯೋನಾ ಕಿರುಚುತ್ತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಒಳಗೆ ಮೇಜಿನ ಹತ್ತಿರ ಕೂತಿದ್ದ ರೋಸೆಲ್ಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಬಾ…” ಆ ದನಿ ಸ್ವಲ್ಪ ತಡೆಯಿತು. “ದಯವಿಟ್ಟು.”

ಆಲ್ವಿನ್ ಬ್ರೇಕಿನ ಮೇಲೆ ನಿಂತೇಬಿಟ್ಟ. ಲಿಯೋನಾ ಊಟದ ಮೇಜಿನಲ್ಲಿ ದಯವಿಟ್ಟು ಎನ್ನುತ್ತಾಳೆ, ಚರ್ಚಿನಲ್ಲಿ ಎನ್ನುತ್ತಾಳೆ. ಗಾಡಿಯ ಹಿಂದೆ ನಿಂತು ಅಂದವಳಲ್ಲ. ಪೀಂ… ಪೀಂ… ಮಾತ್ರ ಮೊಳಗುತ್ತಿತ್ತು. ಅದರ ನಡುವೆ ವಾಕಿಟಾಕಿ ಇನ್ನೊಂದು ಸಲ, ಬಹಳ ಮೆಲ್ಲಗೆ ಹೇಳಿತು.

“ಇನ್ನೂ ಜಾಗ ಇದೆ…”

ಇಳಿದು ನೋಡಿದರೆ ಹಿಂದಿನ ಚಕ್ರಕ್ಕೂ ದಡದ ಅಂಚಿಗೂ ಒಂದು ಅಡಿ. ಪಕ್ಕದ ಮರವನ್ನು ಲಿಯೋನಾ ತಬ್ಬಿಕೊಂಡು ನಿಂತಿದ್ದಳು. ಅವಳ ಕೈಯಲ್ಲಿ ಏನೂ ಇರಲಿಲ್ಲ. ಟಾರ್ಚು ಕೂಡ ನೀರಿಗೆ ಬಿದ್ದಿತ್ತು.

ಬೆಳಿಗ್ಗೆ ಲಿಯೋನಾಳ ವಾಕಿಟಾಕಿ ಬಾಗಿಲ ಚೀಲದಲ್ಲಿತ್ತು.

ಅದನ್ನು ಎತ್ತಿ ತೋರಿಸಿದವನು ವರ್ನನ್. “ಇಲ್ಲೇ ಇದೆಯಲ್ಲ. ಇವಳೇ ಕರೆದು ಇವಳೇ ಮರೆತಿದಾಳೆ. ಇಬ್ಬರಿಗೂ ತಲೆ ಕೆಟ್ಟಿದೆ.” ಇದನ್ನೇ ವಿಚಿಟಾದಲ್ಲಿರುವ ಆಲ್ವಿನ್ನನ ಮಕ್ಕಳಿಗೆ ಫೋನು ಮಾಡಿ ಹೇಳಿದ. ನಮ್ಮ ಊರಿನಲ್ಲೂ ಹೇಳಿದ, ಚರ್ಚಿನ ಮೆಟ್ಟಿಲ ಮೇಲೆ ನಿಂತು. ಮಕ್ಕಳು ಬಂದು ಬೀಗದಕೈ ಕಿತ್ತುಕೊಂಡರು. ಬರುವ ಶನಿವಾರ ಗಾಡಿ ಮಾರುತ್ತಾರಂತೆ. ಗಂಡಹೆಂಡಿರಿಗೆ ವೃದ್ಧಾಶ್ರಮದಲ್ಲಿ ಕೋಣೆ ನೋಡಿದ್ದಾರೆ. ಒಂದೇ ಕೋಣೆ ಸಿಗಲಿಲ್ಲವೆಂದು ಬೇರೆ ಬೇರೆ ಮಹಡಿಯಲ್ಲಿ.

ಕ್ರಿಸ್‌ಮಸ್ಸಿಗೆ ಬಂದಿದ್ದ ರೋಸೆಲ್ಲಾ ನನ್ನ ಅಡುಗೆಮನೆಯಲ್ಲಿ ಬನ್ನಿಗೆ ಎಲೆಕೋಸು, ಮಾಂಸ ತುಂಬುತ್ತಿದ್ದಳು. ಗಂಡ ಆಚೆ ಕೋಣೆಯಲ್ಲಿದ್ದ. ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು.

“ಫಿಲೋಮಿನಾ, ಅದು ಬಾವಿಗೆ ಬಿದ್ದಿತ್ತು. ನನ್ನ ಕೈಯಿಂದಲೇ ಜಾರಿತು. ಬಗ್ಗಿ ಕಿವಿಗೊಟ್ಟೆ… ಬಿದ್ದ ಸದ್ದು ಬರಲೇ ಇಲ್ಲ.”

“ಆ ರಾತ್ರಿ ಯಾಕೆ ಹೇಳಲಿಲ್ಲ?”

“ಅಕ್ಕ ಬೈತಾಳೆ ಅಂತ ಮೊದಲು. ಆಮೇಲೆ… ವರ್ನನ್ ನಗ್ತಾನೆ.”

ಇದನ್ನು ಆಲ್ವಿನ್ನನ ಮಕ್ಕಳ ಮುಂದೆ ಹೇಳು ಎಂದೆ. ಕೈ ಒರೆಸಿಕೊಂಡು ಗಂಡನ ಹತ್ತಿರ ಹೋಗಿ ಕೂತಳು. ಅದೇ ಕಾನ್ವೆಂಟಿನಲ್ಲಿ ನನ್ನ ಜೊತೆ ಓದಿದ ಹುಡುಗಿ!

ಆ ವಾಕಿಟಾಕಿಯನ್ನು ಲಿಯೋನಾ ನನಗೆ ಕೊಟ್ಟಿದ್ದಾಳೆ, ಹತ್ತಿರ ಇಟ್ಟುಕೊಳ್ಳಲಾರೆ ಎಂದು. ಇಷ್ಟು ತಿಂಗಳು ನನ್ನ ಊಟದ ಕೋಣೆಯ ಕಪಾಟಿನಲ್ಲಿತ್ತು, ತೇವವಿಲ್ಲದ ಜಾಗದಲ್ಲಿ. ನಿನ್ನೆ ರಾತ್ರಿ ಅದರ ಹಿಂದಿನ ಮುಚ್ಚಳದ ತಿರುಪನ್ನು ಒಂದು ನಾಣ್ಯದಿಂದ ತಿರುಗಿಸಿ ತೆಗೆದೆ. ಒಳಗಿಂದ ನೀರು ಬಂತು. ಅಷ್ಟು ಸಣ್ಣ ಪೆಟ್ಟಿಗೆಯಿಂದ ಒಂದು ಲೋಟದಷ್ಟು. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಮೇಜುಬಟ್ಟೆ ಇನ್ನೂ ಒಣಗಿಲ್ಲ.

ಇದು ನಡೆದದ್ದು. ವೈಗಲ್ ಮನೆಯ ಹೆಣ್ಣು ಹೇಳುತ್ತಿದ್ದೇನೆ. ಶನಿವಾರಕ್ಕೆ ಮುಂಚೆ ರೋಸೆಲ್ಲಾ ಮತ್ತು ವರ್ನನ್ ಇಬ್ಬರೂ ಬಂದು, ಮಕ್ಕಳೆದುರು, ಆಲ್ವಿನ್ ಮತ್ತು ಲಿಯೋನಾರ ಕ್ಷಮೆ ಕೇಳಬೇಕು.