ಹಾಡಾಗದ ಒಂದು ಉಸಿರು

ಇಂದಿನ ಸಭೆಯ ಅಧ್ಯಕ್ಷರೂ ದಿವಂಗತ ಗಾಯಕ ರಾಯಿಮ್ ಹಾಫಿಜರ ಹಿರಿಯ ಮಗನೂ ನಮಗೆಲ್ಲ ಅಣ್ಣನೂ ಆದ ಶೆರ್ಮತ್ ಅಕಾ ಅವರೇ, ತಾಷ್ಕೆಂಟಿನಿಂದ ಬಂದಿರುವ ಧ್ವನಿ ತಂತ್ರಜ್ಞೆ ನೋದಿರಾ ಅವರೇ, ಸಂಗೀತ ಶಾಲೆಯ ನನ್ನ ಹಳೆಯ ಸಹೋದ್ಯೋಗಿಗಳೇ, ಮುಂದಿನ ಸಾಲಿನ ಹಿರಿಯರೇ, ಪಲಾವಿನ ವಾಸನೆ ಬರುವ ಬಾಗಿಲ ಬಳಿಯೇ ಜಾಗ ಹಿಡಿದಿರುವ ಹಿಂದಿನ ಸಾಲಿನ ಸಭಿಕರೇ, ನಿಮಗೆಲ್ಲ ನನ್ನ ಸಲಾಮು.

ನಾನು ಮಸ್ತೂರಾ. ಈ ಮರ್ಗಿಲಾನಿನ ಸಂಗೀತ ಶಾಲೆಯಲ್ಲಿ ಎರಡು ತಂತಿಯ ದುತಾರ್ ಕಲಿಸುತ್ತಿದ್ದವಳು. ಪೇಟೆಗೆ ರೊಟ್ಟಿ ಸುಡುತ್ತಿದ್ದ ತೋಲಿಬರ ಹೆಂಡತಿ. ಹೊಸ ರೂಪದಲ್ಲಿ ಬಿಡುಗಡೆಯಾಗಲಿರುವ ರೆಕಾರ್ಡಿನಲ್ಲಿ ರಾಯಿಮ್ ಹಾಫಿಜರ ಜೊತೆಗೆ ಕೇಳುವ ಎರಡನೆಯ ದನಿ ನನ್ನ ಯಜಮಾನರದು. ಅವರ ಹೆಸರೂ ರೆಕಾರ್ಡಿನ ಮೇಲೆ ಇದೆ. ಓದಲು ಕನ್ನಡಕ ಬೇಕು, ಅಷ್ಟೆ.

ಹಳೆಯ ರೆಕಾರ್ಡಿನ ಧ್ವನಿ ಮೇಲೋ, ಹೊಸ ಡಿಜಿಟಲ್ ಪ್ರತಿಯ ಧ್ವನಿ ಮೇಲೋ ಎಂಬುದನ್ನು ಹೋಲಿಸಿ ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಎರಡನ್ನೂ ಮನಸ್ಸಿಟ್ಟು ಕೇಳಿದವಳು ಈ ಊರಿನಲ್ಲಿ ನಾನೊಬ್ಬಳೇ ಎಂದು ಸಂಘಟಕರು ಹೇಳಿದರು. ಉಳಿದವರಿಗೆ ಕೆಲಸವಿತ್ತು ಎಂದು ಅದರ ಅರ್ಥ.

ಆ ರೆಕಾರ್ಡಿಗೆ ಹಾಡಿದ್ದು ಇದೇ ಸಭಾಂಗಣದಲ್ಲಿ. ತಾಷ್ಕೆಂಟಿನ ಸ್ಟುಡಿಯೋಗೆ ಬನ್ನಿ ಎಂದು ಕರೆ ಬಂದಾಗ ರಾಯಿಮ್ ಹಾಫಿಜರು ಒಮ್ಮೆ ಹೋಗಿ ನೋಡಿ ಬಂದರು. ಬಂದವರು ಚಹಾದಂಗಡಿಯಲ್ಲಿ ಕೂತು, "ಗೋಡೆಗೆಲ್ಲ ಕಂಬಳಿ ಹೊದಿಸವ್ರೆ. ಗೋಡೆಗೇನು ಜ್ವರ ಬಂದೈತಾ? ಅಂಥ ಕೋಣೇಲಿ ನಾನು ಹಾಡಲ್ಲ. ಬೇಕಾದ್ರೆ ಅವ್ರೇ ಇಲ್ಲಿಗೆ ಬರ್ಲಿ" ಎಂದರು. ಅವರೇ ಬಂದರು. ಹೀಗಾಗಿ ಆ ರೆಕಾರ್ಡಿನಲ್ಲಿ ಇಬ್ಬರು ಗಾಯಕರ ಜೊತೆಗೆ ಈ ಛಾವಣಿ, ಈ ಮರದ ನೆಲ, ಆ ಎಡಗಡೆಯ ಸರಿಯಾಗಿ ಮುಚ್ಚದ ಕಿಟಕಿ, ಎಲ್ಲವೂ ಇವೆ. ಕಿಟಕಿ ಇಂದಿಗೂ ಮುಚ್ಚುವುದಿಲ್ಲ.

ನಮ್ಮ ಕಣಿವೆಯ ದೊಡ್ಡ ಹಾಡಿಗೆ ವಾದ್ಯವಿಲ್ಲ, ತಾಳವಿಲ್ಲ. ಇರುವುದು ಇಬ್ಬರು ಗಾಯಕರು, ಇಬ್ಬರ ಕೈಯಲ್ಲೂ ಒಂದೊಂದು ತಟ್ಟೆ. ತಟ್ಟೆಯನ್ನು ಬಾಯಿಯ ಪಕ್ಕ ಹಿಡಿದು ದನಿಯನ್ನು ಬೇಕಾದ ಕಡೆಗೆ ತಿರುಗಿಸುತ್ತಾರೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಜೊತೆಗಾರನ ಕಡೆಗೆ. ಹಳೆಯ ರೆಕಾರ್ಡಿನಲ್ಲಿ ಆ ತಿರುವು ಕೇಳುತ್ತದೆ. ದನಿ ಮಂಕಾಗುತ್ತದೆ, ಮತ್ತೆ ಬೆಳಗುತ್ತದೆ. ಡಿಜಿಟಲ್ ಪ್ರತಿಯ ಮೊದಲ ಕರಡಿನಲ್ಲಿ ಅದು ಇರಲಿಲ್ಲ. ದನಿಯೆಲ್ಲ ಇಸ್ತ್ರಿ ಮಾಡಿದ ಹಾಗೆ ಒಂದೇ ಸಮ. ನಾನು ಕೇಳಿದಾಗ, ನನ್ನನ್ನು ಚಿಕ್ಕಮ್ಮನಂತೆ ಖಾಲಾ ಎಂದು ಕರೆಯುವ ನೋದಿರಾ, "ದನಿ ಹತ್ರ ದೂರ ಆಗ್ತಾ ಇತ್ತು ಖಾಲಾ. ಮೈಕು ಸರಿಯಾಗಿ ಇಟ್ಟಿಲ್ಲ ಅಂದ್ಕೊಂಡು ಸರಿ ಮಾಡ್ದೆ" ಎಂದಳು.

"ಮೈಕು ಸುಮ್ನೇ ನಿಂತಿತ್ತಮ್ಮ. ತಿರುಗ್ತಾ ಇದ್ದಿದ್ದು ತಟ್ಟೆ."

ಆ ಹುಡುಗಿ ನಕ್ಕು, ಹಿಂದಿನಂತೆಯೇ ಮಾಡಿಕೊಟ್ಟಳು. ಇಂಥ ತಂತ್ರಜ್ಞೆ ಸಿಕ್ಕಿದ್ದು ನಮ್ಮ ಭಾಗ್ಯ. ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ.

ಹಾಗಾದರೆ ಹೊಸದು ಕೆಟ್ಟದ್ದೇ? ಖಂಡಿತ ಅಲ್ಲ. ರೆಕಾರ್ಡಿನ ಎರಡನೆಯ ಬದಿಯ ಕೊನೆಯ ಹಾಡು ನಿಮಗೆ ನೆನಪಿರಬಹುದು. ಗ್ರಾಮಫೋನಿನ ಮುಳ್ಳು ನಡುವಿನ ರಂಧ್ರದ ಹತ್ತಿರ ಹೋದಂತೆ ದನಿ ಗೊಗ್ಗರಾಗುತ್ತಿತ್ತು. ಹಾಫಿಜರಿಗೆ ನೆಗಡಿಯಾಗಿತ್ತೆಂದೇ ನಾವೆಲ್ಲ ನಂಬಿದ್ದೆವು. ಅವರಿಗೆ ನೆಗಡಿ ಇರಲಿಲ್ಲ. ಅಲ್ಲಿ ಗೆರೆಗಳು ಇಕ್ಕಟ್ಟಾಗಿದ್ದವು, ಅಷ್ಟೆ. ಹೊಸ ಪ್ರತಿಯಲ್ಲಿ ಆ ಹಾಡು ಬೆಳಗಿನ ನೀರಿನಷ್ಟು ತಿಳಿಯಾಗಿದೆ. ಪದಗಳು ಪದಗಳಾಗಿ ಕೇಳುತ್ತವೆ. ಇನ್ನೂ ಒಂದು ಗುಣವಿದೆ. ರೆಕಾರ್ಡು ಕೇಳಿದಷ್ಟೂ ಸವೆಯುತ್ತದೆ. ಯಾವ ಜಾಗ ನಮಗೆ ಪ್ರಿಯವೋ ಆ ಜಾಗವೇ ಮೊದಲು ಹಾಳಾಗುತ್ತದೆ. ಡಿಜಿಟಲ್ ಪ್ರತಿಗೆ ನಮ್ಮ ಪ್ರೀತಿಯ ಪೆಟ್ಟು ತಾಗುವುದಿಲ್ಲ. ಅದು ಗುಣವೋ ದೋಷವೋ ನನಗೆ ಗೊತ್ತಿಲ್ಲ.

ನಮ್ಮ ಮನೆಯ ರೆಕಾರ್ಡಿನ ಮೊದಲ ಹಾಡಿನಲ್ಲಿ, ತುದಿಗೆ ಸ್ವಲ್ಪ ಮುಂಚೆ, ಟಕ್ ಎಂದು ಒಂದು ಸದ್ದಿದೆ. ಅದು ಯಜಮಾನರ ಉಗುರು ತಟ್ಟೆಗೆ ತಾಗಿದ ಸದ್ದು ಎಂದು ನಾನು ಹೇಳುತ್ತಿದ್ದೆ. ಅವರು ತೀರಿಕೊಂಡ ಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಕೇಳು, ಕೇಳು, ಈಗ ಅಜ್ಜನ ಉಗುರು ಬರುತ್ತೆ" ಎನ್ನುತ್ತಿದ್ದೆ. ಆ ಸದ್ದಿಗೆ ಅವಳು ಚಪ್ಪಾಳೆ ತಟ್ಟುತ್ತಿದ್ದಳು. ನಾನು ಅಲ್ಲಿಗೇ ಮುಳ್ಳು ಎತ್ತಿಬಿಡುತ್ತಿದ್ದೆ. ಒಲೆಯ ಮೇಲೆ ಚಹಾ ಇರುತ್ತಿತ್ತು.

ಈಗ ತುದಿಯ ವಿಷಯ. ಹಾಡು ಮೆಟ್ಟಿಲು ಮೆಟ್ಟಿಲಾಗಿ ಏರಿ, ಇನ್ನು ಏರಲು ಆಕಾಶವೇ ಇಲ್ಲ ಎಂಬಲ್ಲಿ ನಿಲ್ಲುವ ಜಾಗವನ್ನು ನಾವು ಅವ್ಜ್ ಎನ್ನುತ್ತೇವೆ. ಅದನ್ನು ಇಬ್ಬರಲ್ಲಿ ಒಬ್ಬರೇ ಹಾಡುತ್ತಾರೆ. ಯಾರೆಂದು ಮೊದಲೇ ಮಾತಾಗಿರುತ್ತದೆ. ಆದರೆ ಹಾಡಿನ ನಡುವೆ ಹಿರಿಯರು ತಟ್ಟೆ ಎತ್ತಿದರೆ ಕಿರಿಯವನು ತನ್ನ ತಟ್ಟೆ ಇಳಿಸಬೇಕು. ಆಮೇಲೆ ಅದರ ಮಾತು ಆಡಬಾರದು. ಇದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತಿರುವ ಪದ್ಧತಿ.

ಆ ಸಲ ಹಾಫಿಜರೇ ಚಹಾದಂಗಡಿಯಲ್ಲಿ ಎಲ್ಲರೆದುರು ಹೇಳಿದ್ದರು: "ನನಗೆ ವಯಸ್ಸಾಯ್ತು. ಈ ಸಲ ಅವ್ಜ್ ನಮ್ಮ ತೋಲಿಬಂದು. ಅವನ ದನಿ ರೆಕಾರ್ಡಲ್ಲಿ ಉಳೀಲಿ." ಊರಿಗೆಲ್ಲ ಗೊತ್ತಾಯಿತು. ರೆಕಾರ್ಡು ಬಂತು. ಅವ್ಜ್‌ನಲ್ಲಿ ಕೇಳಿದ್ದು ಹಾಫಿಜರ ದನಿ. ಮೊದಲ ದಿನ ನಮ್ಮ ಮನೆ ತುಂಬ ಜನ. ಕೇಳಿದವರಿಗಿಂತ ಮಾತಾಡಿದವರೇ ಹೆಚ್ಚು. ಅಂದಿನಿಂದ ಊರಿನ ತೀರ್ಮಾನ ಒಂದೇ: ತೋಲಿಬನಿಗೆ ಉಸಿರು ಸಾಲಲಿಲ್ಲ, ಮುದುಕ ಹಾಡು ಉಳಿಸಿಕೊಂಡ.

ಒಂದು ಮದುವೆಯಲ್ಲಿ ಪಕ್ಕದ ಕೇರಿಯವರೊಬ್ಬರು, ಅವರ ಹೆಸರು ಬೇಡ, ಅವರ ಮಗ ಇಲ್ಲೇ ಇದ್ದಾನೆ, "ಏನಪ್ಪ ತೋಲಿಬ್, ಮೆಟ್ಲು ಹತ್ತೋಕಾದ್ರೂ ಉಸಿರು ಸಾಲುತ್ತಾ?" ಎಂದರು. ಯಜಮಾನರು, "ಸಾಲುತ್ತೆ ಅಕಾ. ನಿಮ್ಮನೇಲಿ ಮೆಟ್ಲೇ ಇಲ್ವಲ್ಲ, ತೋರ್ಸೋದು ಹೆಂಗೆ?" ಎಂದರು. ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಮನೆಗೆ ಬಂದವರೇ ಮಲಗಿಬಿಟ್ಟರು. ಆಮೇಲೆ ಮದುವೆಗಳಲ್ಲಿ ಹಾಡಲು ಕರೆದರೆ, "ಹಿಟ್ಟು ಕಲಸಿಟ್ಟಿದೀನಿ" ಎನ್ನುತ್ತಿದ್ದರು. ಅವರ ಹಿಟ್ಟು ಯಾವಾಗಲೂ ಕಲಸಿದ್ದೇ ಇರುತ್ತಿತ್ತು.

ಅವರು ಮನೆಯಲ್ಲಿದ್ದಾಗ ಯಾರಾದರೂ ರೆಕಾರ್ಡು ಹಾಕಿಸಿದರೆ, ಅವ್ಜ್ ಬರುವ ಮುಂಚೆ ನಾನು ಹೋಗಿ ಮುಳ್ಳು ಎತ್ತುತ್ತಿದ್ದೆ. ಚಹಾ ಎಂದೆನಲ್ಲ, ಯಾವಾಗಲೂ ಚಹಾ ಇರುತ್ತಿರಲಿಲ್ಲ. ಇರಲಿ. ವಿಷಯಕ್ಕೆ ಬರುತ್ತೇನೆ.

ನೋದಿರಾ ಈ ಕೆಲಸ ಹಿಡಿದಾಗ ಮೂಲ ಟೇಪು ಎಲ್ಲೂ ಸಿಗಲಿಲ್ಲ. ಸವೆಯದ ರೆಕಾರ್ಡು ಬೇಕಾಯಿತು. ನಮ್ಮ ಮನೆಯದನ್ನು ಬೆಳಕಿಗೆ ಹಿಡಿದು ನೋಡಿ, "ಖಾಲಾ, ಇಲ್ಲಿ ನೋಡಿ, ಗೆರೆಗೆ ಗಾಯ ಆಗಿದೆ. ಯಾರೋ ಇದೇ ಜಾಗದಲ್ಲಿ ಮುಳ್ಳು ಎತ್ತಿ ಎತ್ತಿ ಹೀಗಾಗಿರೋದು" ಎಂದಳು. ನಾನು ಬಗ್ಗಿ ನೋಡಿದೆ. ಅದು ಉಗುರಿನ ಸದ್ದು ಬರುವ ಜಾಗ.

ಕೊನೆಗೆ ಸವೆಯದ ರೆಕಾರ್ಡು ಸಿಕ್ಕಿದ್ದು ಅಧ್ಯಕ್ಷರ ಮನೆಯಲ್ಲಿ. ಹಾಸಿಗೆ ಪೆಟ್ಟಿಗೆಯ ತಳದಲ್ಲಿ, ಕವರಿನಿಂದ ಆಚೆಯೇ ಬಾರದೆ ಇತ್ತು. "ಅಪ್ಪ ತನ್ನ ರೆಕಾರ್ಡನ್ನ ತಾನು ಒಂದು ಸಲಾನೂ ಕೇಳಲಿಲ್ಲ. ಅಷ್ಟು ವಿನಯ ಅವರದು" ಎಂದು ಈಗ ತಾನೇ ನೀವು ಈ ವೇದಿಕೆಯಿಂದ ಹೇಳಿದಿರಿ, ಅಕಾ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆ ರೆಕಾರ್ಡನ್ನು ಏನೂ ತಿದ್ದದೆ ನೋದಿರಾ ನನಗೆ ಕೇಳಿಸಿದಳು. ಕಿವಿಗೆ ಹಾಕಿಕೊಳ್ಳುವ ದೊಡ್ಡ ಯಂತ್ರ ಕೊಟ್ಟಳು. ಅವ್ಜ್ ಹತ್ತಿರ ಬಂತು. ಉಗುರಿನ ಸದ್ದಿಗೆ ಕಾದೆ. ಅದು ಬರಲಿಲ್ಲ. ಅದಿರಬೇಕಾದ ಜಾಗದಲ್ಲಿ ಒಂದು ಉಸಿರು ಇತ್ತು. ಒಳಗೆಳೆದುಕೊಂಡ, ನಿಧಾನವಾದ, ಎದೆ ತುಂಬುವ ಉಸಿರು. ಅದರ ಹಿಂದೆಯೇ ಹಾಫಿಜರ ದನಿ.

ಯಾರದು ಆ ಉಸಿರು? ಸಭಿಕರೇ, ರೊಟ್ಟಿ ಸುಡುವವರು ಉರಿಯುವ ತಂದೂರಿನೊಳಕ್ಕೆ ಎದೆಯವರೆಗೆ ಬಗ್ಗಿ ರೊಟ್ಟಿ ಬಡಿಯುತ್ತಾರೆ. ಬಗ್ಗುವ ಮುಂಚೆ ಒಂದು ಉಸಿರು ಎಳೆದುಕೊಳ್ಳುತ್ತಾರೆ; ಒಳಗೆ ಉಸಿರಾಡಿದರೆ ಎದೆ ಸುಡುತ್ತದೆ. ಮದುವೆಯಾದಂದಿನಿಂದ ಪ್ರತಿ ಬೆಳಗ್ಗೆ ನಮ್ಮ ಅಂಗಳದ ತಂದೂರಿನ ಬಳಿಯಿಂದ ನನ್ನನ್ನು ಎಬ್ಬಿಸುತ್ತಿದ್ದುದು ಆ ಉಸಿರೇ. ಅದನ್ನು ನನಗೆ ಯಾರೂ ಗುರುತು ಹೇಳಬೇಕಾಗಿಲ್ಲ.

ಅವರಿಗೆ ಉಸಿರು ಸಾಲದೆ ಇರಲಿಲ್ಲ. ಅವ್ಜ್‌ಗೆ ಬೇಕಾದಷ್ಟು ಉಸಿರು ತೆಗೆದುಕೊಂಡು ನಿಂತಿದ್ದರು. ಎದುರಿನಲ್ಲಿ ಹಿರಿಯರ ತಟ್ಟೆ ಎದ್ದಿತು. ಇವರು ತಮ್ಮದನ್ನು ಇಳಿಸಿದರು. ಪದ್ಧತಿಯಂತೆ, ಮತ್ತೆ ಅದರ ಮಾತು ಆಡಲಿಲ್ಲ. ನನ್ನ ಹತ್ತಿರವೂ.

ಬಿಡುಗಡೆಗೆ ಸಿದ್ಧವಾದ ಪ್ರತಿಯಲ್ಲಿ ಆ ಉಸಿರು ಇಲ್ಲ. ನೋದಿರಾಳನ್ನು ಕೇಳಿದೆ. "ಉಸಿರಾದ್ಮೇಲೆ ಅದೇ ದನೀಲಿ ಹಾಡು ಬರ್ಬೇಕು ಖಾಲಾ. ಬರ್ಲಿಲ್ಲ ಅಂದ್ರೆ ಅದು ಬೇಡದ ಸದ್ದು ಅಂತ ತೆಗೀತೀವಿ. ನಂಗೇನು, ಒಂದು ಗಳಿಗೇಲಿ ವಾಪಸ್ ಇಡ್ತೀನಿ. ಆದ್ರೆ ಹಾಫಿಜರ ಹಾಡು ಇದು, ಅವರ ಮಗ ಹೂಂ ಅನ್ನಬೇಕು" ಎಂದಳು. ಮುಂದಿನ ವಾರ ಪ್ರತಿಗಳು ಅಚ್ಚಾಗುತ್ತವೆ. ಅಲ್ಲಿಯವರೆಗೆ ಸಮಯವಿದೆ.

ಅಕಾ, ಇದನ್ನು ನಿಮ್ಮ ಮನೆಗೇ ಬಂದು ಹೇಳಬೇಕಿತ್ತು. ಬಂದಿದ್ದೆ ಕೂಡ. ನಿಮ್ಮಾಕೆ ಚಹಾ ಕೊಟ್ಟರು, ಏಪ್ರಿಕಾಟ್ ಕೊಟ್ಟರು, ಮೊಮ್ಮಕ್ಕಳ ಸುದ್ದಿ ಹೇಳಿದರು. ಕೇಳಿಕೊಂಡು ವಾಪಸ್ಸು ಹೋದೆ. ನಿಮ್ಮ ತಂದೆಯ ಹೆಸರಿಗೆ ಕುಂದು ತರುವುದು ನನಗೆ ಬೇಕಿಲ್ಲ. ಅವರಿಗೆ ಆಗ ಎಷ್ಟು ವಯಸ್ಸು ಎಂಬುದು ನೆನಪಾಗುತ್ತದೆ. ಆ ತುದಿಯನ್ನು ಹಾಡಲು ಇನ್ನೊಂದು ಅವಕಾಶ ತನಗಿಲ್ಲ ಎಂದು ಅವರಿಗೆ ಅದೇ ಕ್ಷಣದಲ್ಲಿ ತಿಳಿದಿರಬೇಕು. ಮಾತು ಕೊಟ್ಟಿದ್ದು ನಿಜ, ಹಾಡು ಕರೆದದ್ದೂ ನಿಜ. ಯಾರು ತಟ್ಟೆ ಎತ್ತದೆ ಇರುತ್ತಾರೆ?

ಆಮೇಲೆ ಎಲ್ಲೇ ಔತಣವಿದ್ದರೂ ಹಾಫಿಜರು ನನ್ನ ಯಜಮಾನರನ್ನು ಬಾಗಿಲ ಬಳಿಯಿಂದ ಎಬ್ಬಿಸಿ, "ಬಾರಯ್ಯ ತೋಲಿಬ್, ಮೇಲ್ಗಡೆ ಬಾ" ಎಂದು ಗೌರವದ ಜಾಗದಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಪಲಾವಿನ ಒಳ್ಳೆಯ ಮಾಂಸವನ್ನು ತಮ್ಮ ಕೈಯಿಂದಲೇ ಅವರ ಕಡೆಗೆ ಸರಿಸುತ್ತಿದ್ದರು. ಅದು ಕನಿಕರ ಎಂದು ನಾನು ತಿಳಿದಿದ್ದೆ. ಹಾಫಿಜರು ಆ ರೆಕಾರ್ಡನ್ನು ಎಂದೂ ಕೇಳಲಿಲ್ಲ ಎಂದು ನೀವು ಹೇಳಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ನಮ್ಮ ಮನೆಯಲ್ಲಿ ಅದೇ ಜಾಗದಲ್ಲಿ ಮುಳ್ಳು ಎತ್ತುತ್ತಿದ್ದೆವು. ನಿಮ್ಮ ಮನೆಯಲ್ಲಿ ಮುಳ್ಳು ಇಳಿಸಲೇ ಇಲ್ಲ.

ಯಾವ ಧ್ವನಿ ಮೇಲು ಎಂದು ಕೇಳಿದಿರಿ. ಉಸಿರು ರೆಕಾರ್ಡಿನಲ್ಲಿ ಇದ್ದೂ ನನಗೆ ಕೇಳಲಿಲ್ಲ. ಡಿಜಿಟಲ್ ಯಂತ್ರ ಅದನ್ನು ಹುಡುಕಿಕೊಟ್ಟಿತು, ಬೇಡದ ಸದ್ದು ಎಂದು ತಾನೇ ಅಳಿಸಿತು. ನನ್ನ ಉತ್ತರ ಇಷ್ಟೇ: ಆ ಉಸಿರು ಇರುವ ಪ್ರತಿ ಮೇಲು. ಯಾವುದೇ ಯಂತ್ರದ್ದಾಗಲಿ.

ಇದು ಯಜಮಾನರು ಅಂದು ಹಿಡಿದಿದ್ದ ತಟ್ಟೆ. ರಿಶ್ತಾನಿನ ನೀಲಿ ತಟ್ಟೆ. ಅಂಚು ಒಂದು ಕಡೆ ಒಡೆದಿದೆ. ಆ ಉಸಿರಿನ ಬಗ್ಗೆ ನೋದಿರಾಗೆ ಏನು ಹೇಳಬೇಕೆಂಬ ಕೊನೆಯ ಮಾತನ್ನು ನಾನೇ ಆಡುತ್ತೇನೆ ಎಂದುಕೊಂಡು ಇದನ್ನು ತಂದೆ. ಉಸಿರೂ ಎಳೆದುಕೊಂಡಿದ್ದೇನೆ. ಆದರೆ ನೀವು ಹಿರಿಯರು, ಅವರ ಮಗ. ಅಕಾ, ತಟ್ಟೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಅವ್ಜ್ ನಿಮ್ಮದು.

ಇಷ್ಟು ಹೊತ್ತು ಮಾತಿಲ್ಲದೆ ಕೇಳಿದ ನಿಮಗೆ, ಅಂದು ನನ್ನ ಯಜಮಾನರ ಉಸಿರನ್ನು ಹಿಡಿದಿಟ್ಟುಕೊಂಡ ಈ ಸಭಾಂಗಣದ ಗೋಡೆಗಳಿಗೆ, ನಾನು ಕೃತಜ್ಞಳು. ನಮಸ್ಕಾರ.