ಮಗುವಿನ ತೂಕದ ಗೆರೆ

ಮಕ್ಕಳ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಹೆಣ್ಣುಮಗು. ಅತ್ತೆಯ ಕೈಯಲ್ಲಿ ಅದರ ತೂಕದ ಕಾರ್ಡು.

“ನೋಡು, ನಡುವಿನ ಗೆರೆಗಿಂತ ಕೆಳಗೇ ಇದೆ ನಮ್ಮ ಕೂಸು. ನಾಳೆಯಿಂದ ನೀನು ಕೆಲಸಕ್ಕೆ ಹೋಗೋದು ಬೇಡ.”

“ಅತ್ತೆ, ಅದು ಪಾಸು ಫೇಲಿನ ಗೆರೆ ಅಲ್ಲ. ಇದೇ ವಯಸ್ಸಿನ ನೂರು ಮಕ್ಕಳನ್ನ ತೂಕದ ಪ್ರಕಾರ ಸಾಲಾಗಿ ನಿಲ್ಸಿದ್ರೆ ಐವತ್ತು ಮಕ್ಕಳು ಅದರ ಕೆಳಗೇ ಬರ್ತಾವೆ.”

“ಯಾರು ಹೇಳಿದ್ದು?”

“ನರ್ಸಮ್ಮ. ಹೋದ ತಿಂಗಳು ಅರ್ಥ ಆಗೋವರೆಗೂ ಬಿಡದೆ ಕೇಳ್ದೆ. ತಿಂಗಳಿಗೊಂದು ಹಾಕಿರೋ ಈ ಚುಕ್ಕೆಗಳನ್ನ ನೋಡಿ. ಹುಟ್ಟಿದಾಗ್ಲೂ ಇವಳು ಈ ಕೆಳಗಿನ ಗೆರೆ ಮೇಲೇ ಇದ್ಲು. ಅದನ್ನೇ ಹಿಡ್ಕೊಂಡು ತಿಂಗಳು ತಿಂಗಳೂ ಮೇಲೆ ಹೋಗ್ತಿದ್ದಾಳೆ.”

“ನೀನು ಕೆಲಸಕ್ಕೆ ಸೇರಿದ ಮೇಲೆ ಸೊರಗಿದ್ದು ಸುಳ್ಳಾ?”

“ನಾನು ಸೇರಿದಾಗ ಇವಳಿಗೆ ಆರು ತಿಂಗಳು. ಇಲ್ಲಿದೆ ಆರು. ಅಲ್ಲಿಂದಾಚೆ ನಾಲ್ಕು ಚುಕ್ಕೆ. ಒಂದಾದ್ರೂ ಆ ಗೆರೆಯಿಂದ ಕೆಳಗೆ ಇಳಿದಿದೆಯಾ, ನೀವೇ ಬೆರಳಿಟ್ಟು ತೋರ್ಸಿ.”

ಅತ್ತೆ ಕನ್ನಡಕ ಏರಿಸಿಕೊಂಡು ಚುಕ್ಕೆಯಿಂದ ಚುಕ್ಕೆಗೆ ಬೆರಳಾಡಿಸಿದರು.

“ಮುಂದೆ ಇಳಿದ್ರೆ?”

“ಇಳಿದ್ರೆ ಮೊದಲು ನೋಡೋಳು ನಾನೇ. ಆವತ್ತೇ ಡಾಕ್ಟರ ಹತ್ರ ಓಡ್ತೀನಿ. ಇಳೀದೇ ಇರೋ ಗೆರೆಗೆ ಹೆದರಿ ಮಾತ್ರ ಕೆಲಸ ಬಿಡಲ್ಲ.”

ನರ್ಸು ಬಾಗಿಲಲ್ಲಿ ನಿಂತು ಕರೆದಳು. ಅತ್ತೆ ಎದ್ದರು.

“ನಡಿ. ಇವತ್ತಿನ ಚುಕ್ಕೆ ನನ್ನ ಕಣ್ಣೆದುರೇ ಹಾಕ್ಲಿ.”

“ಹಾಕ್ಲಿ. ಮನೆಗೆ ಹೋಗಿ ನಿಮ್ಮ ಮಗನಿಗೂ ನೀವೇ ಓದಿ ಹೇಳಿ. ನನಗೆ ನಾಳೆ ಬೆಳಗ್ಗೆ ಡ್ಯೂಟಿ ಇದೆ.”

ಮಗುವನ್ನು ಸೊಂಟಕ್ಕೇರಿಸಿಕೊಂಡು ಸೊಸೆ ಮುಂದಾದಳು. ಅತ್ತೆ ಹಿಂದೆ ಹೋದರು.